ಇಲಿಮರಿಯ ಗುಂಡಿಗಳು

ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಅಂಗಿಯ ಗುಂಡಿ ಹಾಕಿಕೊಳ್ಳುವ ವಿದ್ಯೆಯನ್ನು ನಾನು 68ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಕಲಿಯಬೇಕಾಯಿತು. ಎರಡು ಗುಂಡಿಗಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮನೆಯವರು ನೆರವಿಗೆ ಬಂದರೆ ಸಿಟ್ಟು. ಬಾರದಿದ್ದರೆ ಇನ್ನಷ್ಟು ಸಿಟ್ಟು. ಅಂತಹ ಒಂದು ಸಂಜೆ ಮೊಮ್ಮಗನು ತನ್ನ ಚಿತ್ರಕಥೆಯ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟನು.

ಅಮೆರಿಕದ ಜೆಫ್ ಸ್ಮಿತ್ ಅವರು ಬರೆದು ಚಿತ್ರಿಸಿದ ‘ಲಿಟಲ್ ಮೌಸ್ ಗೆಟ್ಸ್ ರೆಡಿ’ ಎಂಬ ಆ ಪುಸ್ತಕವು 2009ರಲ್ಲಿ ಟೂನ್ ಬುಕ್ಸ್ ಮಾಲೆಯಲ್ಲಿ ಪ್ರಕಟವಾದುದು. ಅಕ್ಷರ ಕೂಡಿಸಿ ಓದಲು ಆಗತಾನೆ ತೊಡಗಿದ ಮಕ್ಕಳಿಗೆಂದು ಫ್ರಾನ್ಸ್ವಾಸ್ ಮೂಲಿ ಅವರು 2008ರಲ್ಲಿ ಆ ಮಾಲೆಯನ್ನು ಆರಂಭಿಸಿದ್ದರು.

ಕಥೆ ಇಷ್ಟೇ. ತಾಯಿಯೊಡನೆ ಕೊಟ್ಟಿಗೆಗೆ ಹೋಗುವ ಸಂಭ್ರಮದಲ್ಲಿ ಇಲಿಮರಿಯೊಂದು ಬಟ್ಟೆ ತೊಡುತ್ತದೆ. ಚಡ್ಡಿಯಲ್ಲಿ ಬಾಲಕ್ಕೊಂದು ರಂಧ್ರವಿದೆ. ಬಾಲವು ಅಲ್ಲಿಂದಲೇ ಹೊರಬರಬೇಕು. ಅನಂತರ ಅಂಗಿ, ಅಂಗಿಗೆ ಗುಂಡಿಗಳು! ಮಕ್ಕಳ ಪುಸ್ತಕಕ್ಕೆ ಇಷ್ಟು ವ್ಯಾಖ್ಯಾನವೇ ಎಂದು ಓದುಗರು ನಗಬಾರದು. ಬರಿಯ ಗದ್ಯವಾಗಿದ್ದರೆ ‘ಇಲಿ ಅಂಗಿ ತೊಟ್ಟಿತು’ ಎಂಬ ಒಂದೇ ವಾಕ್ಯದಲ್ಲಿ ಆ ಶ್ರಮವೆಲ್ಲ ಅಡಗಿಹೋಗುತ್ತಿತ್ತು. ಚಿತ್ರಕಥೆಯಲ್ಲಿ ಹಾಗಲ್ಲ, ಹಂತ ಹಂತಕ್ಕೂ ಒಂದೊಂದು ಚೌಕಟ್ಟು. ಪದ ತಿಳಿಯದೆ ನಿಂತ ಮಗುವನ್ನು ಚಿತ್ರವು ಕೈಹಿಡಿದು ಮುಂದಿನ ಚೌಕಟ್ಟಿಗೆ ದಾಟಿಸುತ್ತದೆ. ಮೊಮ್ಮಗನು ತಡವರಿಸಿ ಪದ ಕೂಡಿಸುತ್ತಿದ್ದ ವೇಗವೂ ಇಲಿಮರಿಯು ಗುಂಡಿ ಹಾಕುತ್ತಿದ್ದ ವೇಗವೂ ಒಂದೇ ಆಗಿದ್ದವು. ನನ್ನ ವೇಗವೂ ಅದೇ.

ಕೊನೆಯಲ್ಲಿ ತಾಯಿ ಬಂದು, ಇಲಿಗಳು ಬಟ್ಟೆಯನ್ನೇ ತೊಡುವುದಿಲ್ಲವೆಂದು ತಿಳಿಸುತ್ತಾಳೆ. ಮರಿಯು ತೊಟ್ಟುದನ್ನೆಲ್ಲ ಬಿಟ್ಟು ಹೊರಟುಬಿಡುತ್ತದೆ. ಮೊಮ್ಮಗನು ಬಿದ್ದು ಬಿದ್ದು ನಕ್ಕನು. ನನಗೆ ನಗು ಬರಲಿಲ್ಲ. ಗುಂಡಿಯಿಲ್ಲದ ಅಂಗಿಯನ್ನೇ ಹೊಲಿಸಿದರಾಯಿತು, ಈ ಹಟವೇಕೆ ಎಂದು ಮನೆಯಲ್ಲಿ ಅಂದೇ ಮಾತು ಬಂದಿದ್ದಿತು. ಪ್ರಯತ್ನಿಸಿದವನಿಗೆ ಕಡೆಯಲ್ಲಿ ಬಹುಮಾನ ದೊರೆಯುವ ಕಥೆಗಳನ್ನೇ ನಾನು ಶಾಲೆಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟವನು. ಇಲ್ಲಿ ಬಹುಮಾನವಿರಲಿ, ಕಲಿತ ವಿದ್ಯೆಗೆ ಉಪಯೋಗವೇ ಇಲ್ಲ. ಆದರೂ ಇದು ಆ ಕಥೆಗಳಿಗಿಂತ ಸತ್ಯವೆನಿಸಿತು. ಕಾರಣವನ್ನು ಇನ್ನೂ ಯೋಚಿಸುತ್ತಿದ್ದೇನೆ.

ಮೊಮ್ಮಗನು ಆಗಲೇ ಮೊದಲ ಪುಟಕ್ಕೆ ಮರಳಿದ್ದನು. ಅವನು ಎರಡನೆಯ ಸಲ ಓದಿ ಮುಗಿಸುವಷ್ಟರಲ್ಲಿ ನಾನು ಮೂರನೆಯ ಗುಂಡಿಯನ್ನೂ ಸೇರಿಸಿದ್ದೆನು. ಅದು ತಪ್ಪು ಕಾಜದಲ್ಲಿದೆಯೆಂದು ಅವನೇ ತೋರಿಸಿದನು.