ನಿಂಬೆಯ ತುದಿ, ಹುಲ್ಲಿನ ಬುಡ

ಹಿತ್ತಿಲಿನ ನಿಂಬೆಗಿಡ ನಮ್ಮ ಅತ್ತೆಯವರ ಕಾಲದ್ದು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಕಾಂಪೌಂಡಿಗೆ ಒರಗಿಕೊಂಡು ನಿಂತಿದೆ. ಗೇಟಿನ ಎರಡೂ ಬದಿಗಿರುವ ನೇರಳೆ ಬಣ್ಣದ ಹುಲ್ಲು ಸೊಸೆ ತಂದದ್ದು. ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರದ ನರ್ಸರಿಗಳಲ್ಲಿ ‘ಫೌಂಟನ್ ಗ್ರಾಸ್’ ಅಂದರೆ ತೆಗೆದುಕೊಡುತ್ತಾರೆ. ದೊಡ್ಡ ರಸ್ತೆಗಳ ಡಿವೈಡರಿನಲ್ಲಿ, ಕಂಪನಿಗಳ ಅಂಗಳದಲ್ಲಿ ನೀವೂ ನೋಡಿರುತ್ತೀರಿ. ನಾಲ್ಕೂ ಕಡೆಗೆ ಬಾಗುವ ತೆಳ್ಳನೆಯ ಗರಿ, ಅದರ ನಡುವಿನಿಂದ ಏಳುವ ನರಿಬಾಲದಂಥ ತೆನೆ. ಹಿಂದಿನದನ್ನೂ ಮುಂದಿನದನ್ನೂ ನೋಡಿಕೊಳ್ಳುವ ಕೆಲಸ ಈಗ ನನ್ನದು. ಎರಡರಲ್ಲೂ ಸುಖವಿದೆ. ಆದರೆ ಒಂದಕ್ಕೆ ಮಾಡಿದ ಉಪಚಾರ ಇನ್ನೊಂದಕ್ಕೆ ಆಗಿಬರುವುದಿಲ್ಲ.

ನಮ್ಮ ಬೀದಿಗೆಲ್ಲ ಒಬ್ಬನೇ ಮಾಲಿ. ದೊಡ್ಡ ಕತ್ತರಿ ಹಿಡಿದು ಬಂದವನೇ, “ಅಮ್ಮಾ, ಎಲ್ಲಾ ಒಂದ್ಸಲ ಲೆವೆಲ್ ಮಾಡ್ಬಿಡ್ಲಾ?” ಅನ್ನುತ್ತಾನೆ. “ಹುಲ್ಲನ್ನು ಎಷ್ಟು ಬೇಕಾದರೂ ಕತ್ತರಿಸಪ್ಪ, ನಿಂಬೆ ತಂಟೆಗೆ ಹೋಗಬೇಡ” ಅನ್ನುತ್ತೇನೆ. ಇದು ಪಕ್ಷಪಾತವಲ್ಲ. ಹುಲ್ಲಿನ ಜೀವ ಬುಡದಲ್ಲಿದೆ. ಅದು ಚಿಗುರುವ ಜಾಗ ಮಣ್ಣಿಗೆ ತಾಗಿಕೊಂಡೇ ಇರುತ್ತದೆ, ಗರಿಯೂ ಬುಡದಿಂದಲೇ ಉದ್ದವಾಗುತ್ತದೆ. ದನ ಮೇಯ್ದ ಹುಲ್ಲು ಮತ್ತೆ ಬರುವುದು ಇದರಿಂದಲೇ. ನಿಂಬೆಯ ಬೆಳವಣಿಗೆ ಕೊಂಬೆಯ ತುದಿಯಲ್ಲಿ. ಸಾಲದ್ದಕ್ಕೆ ಅದು ವರ್ಷವಿಡೀ ಹಸಿರಾಗಿರುವ ಗಿಡ, ಮುಂದಿನ ಹೂವಿಗೆ ಬೇಕಾದ ಕೂಳಿನಲ್ಲಿ ದೊಡ್ಡ ಪಾಲನ್ನು ಎಲೆಯಲ್ಲೇ ಕೂಡಿಟ್ಟುಕೊಂಡಿರುತ್ತದೆ. ಮೇಲಿನಿಂದ ಸವರಿದರೆ ಆ ಗಂಟೇ ಹೋಯಿತು. ನೆರಳಿನಲ್ಲಿದ್ದ ತೊಗಟೆಗೆ ಬಿಸಿಲು ನೇರ ಬಡಿದು ಬಿರುಕು ಬಿಡುವುದು ಬೇರೆ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ, ಬುಡದಿಂದ ನೆಟ್ಟಗೆ ನುಗ್ಗುವ ಮುಳ್ಳುಮುಳ್ಳು ರೆಂಬೆ ಇಷ್ಟನ್ನು ತೆಗೆದರೆ ಸಾಕು.

ಹುಲ್ಲು ಕತ್ತರಿಸುವುದಕ್ಕೂ ಒಂದು ಹದವಿದೆ. ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ, ಶಿವರಾತ್ರಿಯ ಆಸುಪಾಸಿನಲ್ಲಿ, ಒಣಗಿದ ಗರಿಗಳನ್ನೆಲ್ಲ ಒಟ್ಟುಗೂಡಿಸಿ ಹಗ್ಗದಿಂದ ಬಿಗಿಯಾಗಿ ಕಟ್ಟುತ್ತೇನೆ. ಆಮೇಲೆ ಕಟ್ಟಿನ ಕೆಳಗೆ, ನೆಲದಿಂದ ಒಂದು ಗೇಣು ಬಿಟ್ಟು, ಕುಡುಗೋಲು ಹಾಕಿದರೆ ಇಡೀ ಹೊರೆ ಕೈಗೆ ಬರುತ್ತದೆ, ಒಂದು ಎಳೆಯೂ ಅಂಗಳದಲ್ಲಿ ಚೆಲ್ಲುವುದಿಲ್ಲ. ತುಂಬುತೋಳಿನ ಅಂಗಿ ಮಾತ್ರ ಬೇಕೇ ಬೇಕು. ಗರಿಯ ಅಂಚು ಚರ್ಮವನ್ನು ಗೀರಿದ್ದು ಕೈ ತೊಳೆಯುವಾಗಲೇ ಗೊತ್ತಾಗುವುದು. ಬುಡ ಬೋಳಾಗಿ ನಿಂತದ್ದನ್ನು ನೋಡಿ ಸೊಸೆ ಮೊದಲ ವರ್ಷ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಬಿಸಿಲು ಬಲಿಯುವಷ್ಟರಲ್ಲಿ ನೇರಳೆ ಮೊಳಕೆಗಳು ಒತ್ತೊತ್ತಾಗಿ ಎದ್ದಿದ್ದವು.

ಈ ಹುಲ್ಲನ್ನು ಪರದೇಶದ ಷೋಕಿ ಎಂದು ಮೂಗು ಮುರಿಯುವವರಿದ್ದಾರೆ. ಆಫ್ರಿಕಾದ ಮೂಲದ್ದು ಹೌದು. ಆದರೆ ಇದರ ನೆಂಟರು ನಮ್ಮ ಅಡುಗೆಮನೆಗೂ ಕೊಟ್ಟಿಗೆಗೂ ಬಂದು ಎಷ್ಟೋ ಕಾಲವಾಯಿತು. ಸಸ್ಯಶಾಸ್ತ್ರದವರು ಪೆನ್ನಿಸೆಟಮ್ ಎಂದು ಕರೆಯುತ್ತ ಬಂದ ಕುಲದಲ್ಲಿ ಈ ಹುಲ್ಲಿದೆ, ಹಾಲು ಹಾಕುವ ರೈತರು ಕೊಯ್ದಷ್ಟೂ ಬರುವ ನೇಪಿಯರ್ ಹುಲ್ಲಿದೆ, ನಮ್ಮ ಸಜ್ಜೆಯೂ ಇದೆ. ಸಂಕ್ರಾಂತಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಎಳ್ಳು ಹಚ್ಚಿ ತಟ್ಟುವ ರೊಟ್ಟಿಯ ಸಜ್ಜೆಯೇ. ಎಲೆ, ತೆನೆ ಎರಡೂ ಕಡುನೇರಳೆಯಾಗಿರುವ ಒಂದು ಸಜ್ಜೆಯ ತಳಿಗೆ, ‘ಪರ್ಪಲ್ ಮೆಜೆಸ್ಟಿ’ ಎಂದು ಅದರ ಹೆಸರು, ಅಮೆರಿಕದ ಆಲ್ ಅಮೆರಿಕ ಸೆಲೆಕ್ಷನ್ಸ್ ಸಂಸ್ಥೆ 2003ರಲ್ಲಿ ಚಿನ್ನದ ಪದಕ ಕೊಟ್ಟಿತು. ಕೊಟ್ಟದ್ದು ಅಂದಕ್ಕೆ! ಹೊಲದಲ್ಲಿ ಹೊಟ್ಟೆಗಾಗಿ ಬೆಳೆದದ್ದನ್ನು ಹೂದೋಟದಲ್ಲಿ ಕಣ್ಣಿಗಾಗಿ ಬೆಳೆದರೆ ತಪ್ಪೇನೂ ಇಲ್ಲ. ಸಜ್ಜೆ ಬೆಳೆಯುವ ವಿಜಯಪುರ ಜಿಲ್ಲೆಯಲ್ಲೇ ಇಂಡಿಯೂ ಇದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಲಿಂಬೆ ಅಲ್ಲಿಯದು. ನನ್ನ ಹಿತ್ತಿಲು ಮುಂಗಡೆಗಳ ಬಳಗ ಅಲ್ಲಿ ಒಂದೇ ಬಿಸಿಲಿಗೆ ಬೆಳೆಯುತ್ತದೆ ಎಂದು ನೆನೆದರೆ ನನಗೆ ಖುಷಿಯಾಗುತ್ತದೆ.

ಹುಲ್ಲಿಗೆ ಕಾಯಿಲೆ ಕಡಿಮೆ. ನಿಂಬೆಯ ಕಾಯಿಲೆಯನ್ನು ಎಲೆ ನೋಡಿಯೇ ತಿಳಿಯಬೇಕು, ಈ ಓದು ನನಗೆ ಬಹಳ ಇಷ್ಟ. ಹಳೆಯ ಎಲೆಗಳು ಒಟ್ಟಾರೆ ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಕುಡಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆ ಸಣ್ಣದಾಗಿ, ಕಿರಿದಾಗಿ ಬಂದರೆ ಸತು ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಸಿಟ್ರಸ್ ಸ್ಪೆಷಲ್’ ಪುಡಿಯನ್ನು ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸುವುದು ಈ ಕೊರತೆಗಳಿಗಾಗಿಯೇ.

ಚಿಗುರಿನ ಮೇಲೆ ಬೆಳ್ಳಿಯ ಗೆರೆ ಅಂಕುಡೊಂಕಾಗಿ ಹರಿದಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಎಲೆಯ ಎರಡು ಪದರದ ನಡುವೆ ಕೊರೆಯುತ್ತಾ ಸಾಗುವ ಈ ಹುಳಕ್ಕೆ ಎಳೆ ಎಲೆಯೇ ಬೇಕು. ಗೊಬ್ಬರ ಜಾಸ್ತಿ ಸುರಿದು ಚಿಗುರಿನ ಮೇಲೆ ಚಿಗುರು ಬರಿಸಿದರೆ ಅದಕ್ಕೆ ಹಬ್ಬ. ಅದು ಮಾಡಿದ ಗಾಯದಿಂದ ಕಜ್ಜಿ ರೋಗ ಒಳಹೊಗುತ್ತದೆ, ಮಳೆಹನಿ ಸಿಡಿದಂತೆ ಎಲೆಯಿಂದ ಎಲೆಗೆ, ಎಲೆಯಿಂದ ಕಾಯಿಗೆ ಹರಡುತ್ತದೆ.

ನಿಂಬೆ ಚಿಟ್ಟೆಯ ಮರಿಯನ್ನು ಮಾತ್ರ ಶತ್ರುವೆನ್ನಲು ನನಗೆ ಮನಸ್ಸಾಗುವುದಿಲ್ಲ. ಎಳವೆಯಲ್ಲಿ ಅದು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯೇ, ಕಂದು ಬಿಳುಪು, ಅಲುಗದೆ ಕೂತಿರುತ್ತದೆ. ಬಲಿತ ಮೇಲೆ ಎಲೆಯ ಹಸಿರನ್ನೇ ಹೊದ್ದುಕೊಳ್ಳುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ದೊಡ್ಡ ಗಿಡ ಇದರ ಹೊಟ್ಟೆಗೆ ನಾಲ್ಕು ಎಲೆ ಕೊಟ್ಟರೆ ಬಡವಾಗುವುದಿಲ್ಲ. ಕುಂಡದ ಸಸಿಯಾದರೆ ಕೈಯಿಂದ ಎತ್ತಿ ಕರಿಬೇವಿಗೆ ಬಿಡಿ. ಕರಿಬೇವು, ಬಿಲ್ವಪತ್ರೆ, ನಿಂಬೆ ಮೂರೂ ಒಂದೇ ಕುಟುಂಬದವು, ಹುಳ ಉಪವಾಸ ಬೀಳುವುದಿಲ್ಲ.

ಉಣಿಸುವ ವಿಷಯದಲ್ಲೂ ಇವೆರಡರ ದಾರಿ ಬೇರೆ. ನಿಂಬೆ ಹೊಟ್ಟೆಬಾಕ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಎಷ್ಟು ಕೊಟ್ಟರೂ ಕಂತು ಕಂತಾಗಿ ಬೇಡುತ್ತದೆ. ಹುಲ್ಲಿಗೆ ಅಷ್ಟೇ ಗೊಬ್ಬರ ಹಾಕಿದರೆ ಕೊಬ್ಬಿ, ಕಾಲಿಲ್ಲದಂತೆ ನೆಲಕ್ಕೆ ಒರಗುತ್ತದೆ. ಅದಕ್ಕೆ ಬಡ ಮಣ್ಣು, ಪೂರಾ ಬಿಸಿಲು ಸಾಕು. ನೀರಿನ ಪಾತಿಯೂ ಹಾಗೆಯೇ. ನಿಂಬೆಯ ಕಾಂಡಕ್ಕೆ ನೀರು ತಾಗಿ ನಿಂತರೆ ತೊಗಟೆ ಕೊಳೆತು ಅಂಟು ಸೋರತೊಡಗುತ್ತದೆ. ಆದ್ದರಿಂದ ಬುಡಕ್ಕೆ ಮಣ್ಣು ಏರಿಸಿ, ಆಚೆಗೆ ಬಳೆಯಂತೆ ಪಾತಿ ಮಾಡಬೇಕು. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಸುರಿದರೆ ಬಲಿತ ಕಾಯಿ ಸೀಳುತ್ತದೆ.

ಒಣಗಿಸುವುದೇ ಒಂದು ವಿದ್ಯೆಯೂ ಹೌದು. ಲಿಂಬೆ ಬೆಳೆಗಾರರು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡುವವರೆಗೆ ಕಾದು, ಮತ್ತೆ ನೀರು ಬಿಡುತ್ತಾರೆ. ಗಿಡ ಒಮ್ಮೆಗೇ ಹೂವಾಗುತ್ತದೆ. ಮಳೆಗಾಲದ ಕೊನೆಯಲ್ಲಿ ಹೀಗೆ ಮಾಡುವುದಕ್ಕೆ ಹಸ್ತ ಬಹಾರ್ ಎನ್ನುತ್ತಾರೆ. ಆ ಹೂವು ಬೇಸಿಗೆಯಲ್ಲಿ ಕಾಯಾಗುತ್ತದೆ, ಜನ ಶರಬತ್ತಿಗೆ ನಿಂಬೆ ಹುಡುಕುವ ಕಾಲಕ್ಕೆ. ಆದರೆ ನೀರು ನಿಲ್ಲಿಸುವ ಆ ವಾರಗಳಲ್ಲಿ ಮಳೆ ಬಿಡುವು ಕೊಡಬೇಕಲ್ಲ! ಏಪ್ರಿಲಿನಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ಹೇಳುವ ಗಾಡಿಯವನೊಂದಿಗೆ ಜಗಳಕ್ಕಿಳಿಯುವ ಮೊದಲು ಆ ರೈತನ ಆಕಾಶವನ್ನು ನೆನೆಯಬೇಕು.

ಮರಿ ಮಾಡುವ ರೀತಿಯೂ ಬೇರೆ. ನಿಂಬೆಯ ಒಂದು ಬೀಜದಿಂದ ಎರಡು ಮೂರು ಸಸಿ ಏಳುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಅತ್ತೆಯವರು ಊರಿನವರಿಗೆಲ್ಲ ಸಸಿ ಹಂಚುತ್ತಿದ್ದದ್ದು ಹೀಗೆ. ಬೀಜದ ಗಿಡ ಕಾಯಿ ಬಿಡಲು ನಾಲ್ಕೈದು ವರ್ಷವಾದರೂ ಬೇಕು. ಅಷ್ಟು ಕಾಯದವರು ಗೂಟಿ ಕಸಿ ಮಾಡಿದ ಗಿಡ ತರುತ್ತಾರೆ. ಹುಲ್ಲಿನ ಪೊದೆ ಎರಡು ಮೂರು ವರ್ಷಕ್ಕೆ ನಡುವೆ ಸತ್ತು ಬೋಳಾಗುತ್ತದೆ. ಆಗ ಅಗೆದು, ಸುತ್ತಲಿನ ಜೀವಂತ ಭಾಗವನ್ನು ಸೀಳಿ ಬೇರೆ ಬೇರೆ ನೆಡಬೇಕು. ನೇರಳೆ ತಳಿ ಬೀಜ ಕಟ್ಟುವುದು ತೀರಾ ಅಪರೂಪ, ಅದು ಒಳ್ಳೆಯದೇ. ಇದರ ಹಸಿರು ದಾಯಾದಿ ಹವಾಯಿ ದ್ವೀಪಗಳಲ್ಲಿ ಗಾಳಿಗೆ ಬೀಜ ತೂರಿ, ಲಾವಾ ಬಯಲುಗಳನ್ನೆಲ್ಲ ಆವರಿಸಿ, ಬೆಂಕಿ ಹಬ್ಬಲು ದಾರಿ ಮಾಡಿಕೊಟ್ಟಿದೆ.

ಆದ್ದರಿಂದ ನರ್ಸರಿಗೆ ಹೋದಾಗ ನೇರಳೆಯದನ್ನೇ ಕೇಳಿ ತನ್ನಿ. ತಂದದ್ದನ್ನು ನಿಂಬೆಯ ಬುಡದಲ್ಲಿ ಮಾತ್ರ ನೆಡಬೇಡಿ, ಎಷ್ಟೇ ಚೆಂದ ಕಾಣಲಿ. ನಿಂಬೆಯ ಉಣ್ಣುವ ಬೇರುಗಳು ಮಣ್ಣಿನ ಮೇಲುಪದರದಲ್ಲೇ ಹರಡಿರುತ್ತವೆ. ಅಲ್ಲಿ ಹುಲ್ಲು ಬಂದರೆ ನೀರೂ ಗೊಬ್ಬರವೂ ಮೊದಲು ಸಿಗುವುದು ಹುಲ್ಲಿಗೆ. ಕೊಂಬೆಯ ನೆರಳು ಬೀಳುವಷ್ಟು ಜಾಗವನ್ನು ಬರಿದಾಗಿಟ್ಟು ತರಗೆಲೆ ಮುಚ್ಚಿ, ಹುಲ್ಲನ್ನು ಬಿಸಿಲಿರುವ ಕಡೆ ದೂರ ನೆಡಿ.