ಪೂರ್ತಿ ದಿನದ ಕೂಲಿ

ಕ್ರಿಸ್ತನ ಶಿಷ್ಯನಾಗಿರುವುದು ಭಾನುವಾರ ಇಗರ್ಜಿಯಲ್ಲಿ ಸುಲಭ. ಆಟಿ ತಿಂಗಳ ಅಡಿಕೆ ತೋಟದಲ್ಲಿ ಕಷ್ಟ. ಪುತ್ತೂರು, ಸುಳ್ಯ, ಕಡಬಗಳ ನಮಗೆ ಮಳೆಗಾಲವೆಂದರೆ ಕೊಳೆರೋಗದ ಕಾಲ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೆರೆಸಿ ಗೊನೆಗಳಿಗೆ ಮದ್ದು ಬಿಡಬೇಕು. ಮಳೆ ಹಿಡಿಯಿತೋ, ಕೆಲಸ ನಿಂತಿತು. ಜಾರುವ ಮರ ಏರಿದ್ದವನು ಹತ್ತು ಗಂಟೆಗೇ ಇಳಿದು ಜಗಲಿಯಲ್ಲಿ ಕೂರುತ್ತಾನೆ. ಅವನಿಗೆ ಎಷ್ಟು ಕೊಡಬೇಕು?

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಯಜಮಾನ, ಸಂಜೆ ಐದಕ್ಕೆ ಬಂದವನಿಗೂ ಇಡೀ ದಿನದ ಕೂಲಿ ಕೊಟ್ಟ. ಅದು ದ್ರಾಕ್ಷಿ ತೋಟದ ಕಥೆ. ನಮ್ಮ ಬೋರ್ಡೋ ಮದ್ದೂ 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದೇ. ಆ ಮದ್ದನ್ನು ಎಲ್ಲರೂ ಒಪ್ಪಿಕೊಂಡೆವು. ಈ ಕೂಲಿಯ ಲೆಕ್ಕಕ್ಕೆ ಮಾತ್ರ ಹಿಂದೆಮುಂದೆ ನೋಡುತ್ತೇವೆ.

ನಾನು ಪೂರ್ತಿ ಕೂಲಿ ಕೊಡುತ್ತೇನೆ. "ನೀವು ಹೀಗೆ ರೂಢಿ ಮಾಡಿದರೆ ನಾವು ತೋಟ ಮಾಡುವುದು ಹೇಗೆ ಮಾರಾಯ್ರೆ?" ಎನ್ನುತ್ತಾರೆ ನೆರೆಯವರು. ಅವರ ಮಾತು ಸುಳ್ಳಲ್ಲ. ವಾರವಿಡೀ ಮಳೆ ಹೊಡೆದರೆ ನನ್ನ ಕೈಯೂ ಬರಿದಾಗುತ್ತದೆ. ಆದರೆ ಮಳೆಯನ್ನು ಅವನು ಕರೆದು ತಂದದ್ದಲ್ಲ. ಕೆಲಸ ಅರ್ಧಕ್ಕೆ ನಿಂತಿತೆಂದು ಅವನ ಮನೆಯ ಒಲೆ ಅರ್ಧ ಅಕ್ಕಿ ಕೇಳುವುದಿಲ್ಲ.

ನೆರೆಯವರೊಡನೆ ಮಾತು ನಿಂತಿಲ್ಲ, ವಾದವೂ ನಿಂತಿಲ್ಲ.