ಮಸ್ಜಿದ್ ಬಂದರಿನಿಂದ ಮೋತ್ ಮಾವುಲಿಗೆ

ಮಸ್ಜಿದ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಮೊದಲು ಎದುರಾಗುವುದು ವಾಸನೆ. ಒಣಮೆಣಸಿನಕಾಯಿಯ ಘಾಟು, ಖರ್ಜೂರದ ಅಂಟುಸಿಹಿ, ಮಳೆಗೆ ನೆಂದ ಗೋಣಿಚೀಲ. 2018ರ ಸೆಪ್ಟೆಂಬರ್ 8, ಶನಿವಾರ. ಗಣಪತಿ ಕೂರಲು ಇನ್ನು ಐದೇ ದಿನ. ಗಲ್ಲಿಗಳ ಬಾಯಲ್ಲೆಲ್ಲ ಬಿದಿರಿನ ಮಂಟಪ ಏಳುತ್ತಿದೆ. ತಲೆಯ ಮೇಲೆ ಮೂಟೆ ಹೊತ್ತ ಮಾಥಾಡಿಯೊಬ್ಬ ಹಿಂದಿನಿಂದ ‘ಬಾಜೂ, ಬಾಜೂ’ ಎಂದು ಕೂಗುತ್ತಾನೆ. ಅವನಿಗೆ ದಾರಿ ಬಿಡಲು ಗೋಡೆಗೆ ಒರಗುತ್ತೀರಿ. ಇನ್ನೊಂದಷ್ಟು ಕೈಗಾಡಿಗಳ ನಡುವೆ ನುಸುಳಿದರೆ ಸ್ಯಾಮುಯೆಲ್ ಸ್ಟ್ರೀಟ್.

ಇಲ್ಲೊಂದು ಯೆಹೂದ್ಯ ಸಭಾಮಂದಿರವಿದೆ. ಹೆಸರು ಶಾರ್ ಹರಹಮೀಮ್, ಕರುಣೆಯ ಬಾಗಿಲು. 1796ರಲ್ಲಿ ಸ್ಥಾಪನೆಯಾದ ಇದು ಮುಂಬಯಿಯ ಸಿನಗಾಗ್‌ಗಳಲ್ಲೆಲ್ಲ ಹಳೆಯದು. ಸುತ್ತಲಿನ ಜನಕ್ಕೆ ಇದು ‘ಜೂನಿ ಮಸ್ಜಿದ್’. ಸ್ಟೇಷನ್ನಿಗೆ ಹೆಸರು ಬಂದದ್ದೂ ಇದರಿಂದಲೇ ಎಂದು ಇಲ್ಲಿನವರು ಹೇಳುತ್ತಾರೆ. ಒಪ್ಪಿಗೆ ಮೊದಲೇ ಪಡೆದಿದ್ದೀರಿ. ಆದರೂ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು. ಇಂದು ಸಬ್ಬತ್, ಫೋನು ಆರಿಸಿ ಜೇಬಿಗಿಳಿಸಬೇಕು. ಒಳಗಿನ ಹಿರಿಯರು ನಿಮ್ಮ ಬರಿದಲೆ ನೋಡಿ ಮರಾಠಿಯಲ್ಲಿ, ‘ಕರ್ಚೀಫ್ ಇದ್ದರೆ ಕಟ್ಟಿಕೊಳ್ಳಿ ಸಾಹೇಬ್, ತಲೆ ಖಾಲಿ ಇರಬಾರದು’ ಎನ್ನುತ್ತಾರೆ. ನಾಲ್ಕು ಮೂಲೆಗೂ ಗಂಟು ಹಾಕಿ ಕಟ್ಟಿಕೊಳ್ಳುತ್ತೀರಿ.

ಮರದ ಬೆಂಚುಗಳು, ಮೇಲೆ ಹೆಂಗಸರಿಗಾಗಿ ಮರದ ಉಪ್ಪರಿಗೆ, ಚಾವಣಿಯಿಂದ ಇಳಿಬಿಟ್ಟ ದೀಪಗಳು. ನಟ್ಟನಡುವೆ ಕಟಕಟೆಯಿರುವ ವೇದಿಕೆ. ಜೆರುಸಲೇಮ್ ಇರುವ ದಿಕ್ಕು ಪಡುವಣ. ಪ್ರಾರ್ಥಿಸುವವರ ಮುಖವೂ ಅತ್ತಲೇ. ಇಲ್ಲಿ ಕೂತವರು ಬೆನೆ ಇಸ್ರೇಲರು. ಅವರ ಮನೆಮಾತು ಮರಾಠಿ. ಅಡ್ಡಹೆಸರುಗಳು ಪೇಣ್‌ಕರ್, ರೋಹೆಕರ್, ನವಗಾಂವ್‌ಕರ್, ಎಲ್ಲವೂ ಕೊಂಕಣದ ಊರುಗಳಿಂದ ಬಂದವು. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಬದುಕುಳಿದ ಏಳು ದಂಪತಿಗಳಿಂದ ತಮ್ಮ ಕುಲ ಬೆಳೆಯಿತೆಂದು ಅವರು ನಂಬುತ್ತಾರೆ. ಎಣ್ಣೆ ತೆಗೆಯುವ ಕಸುಬಿನವರಾದರೂ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಅವರನ್ನು ‘ಶನಿವಾರ್ ತೇಲಿ’ ಎಂದು ಕರೆದರು.

ನೀವು ಈ ಬೆಂಚಿನ ಮೇಲೆ ಬಂದು ಕೂತದ್ದು ಒಬ್ಬ ಯೆಹೂದ್ಯನನ್ನು ಅರಸಿ. ಗಲಿಲಾಯದ ನಜರೇತಿನಲ್ಲಿ ಬೆಳೆದ ಬಡಗಿಯ ಮಗನನ್ನು. ಯೇಸು ಯೆಹೂದ್ಯನಾಗಿ ಹುಟ್ಟಿದ, ಯೆಹೂದ್ಯನಾಗಿ ಬಾಳಿದ, ಯೆಹೂದ್ಯನಾಗಿ ಸತ್ತ. ಇದನ್ನು ಅಲ್ಲಗಳೆಯುವ ಗಂಭೀರ ವಿದ್ವಾಂಸರು ಇಂದು ಯಾರೂ ಇಲ್ಲ. ಆದರೂ ನಮ್ಮ ಕ್ಯಾಲೆಂಡರ್‌ಗಳಲ್ಲಿ, ಟ್ಯಾಕ್ಸಿಯ ಕನ್ನಡಿಗೆ ತೂಗಿದ ಚಿತ್ರಗಳಲ್ಲಿ ಆತ ಹೊಂಗೂದಲಿನ, ನೀಲಿಗಣ್ಣಿನ ಯೂರೋಪಿನವನು. ಆ ಬಣ್ಣದ ಹಿಂದೆ ಮುಚ್ಚಿಹೋದ ಮನುಷ್ಯ ಬೇಕಿದ್ದರೆ ಚಿತ್ರ ಬಿಟ್ಟು ಇಲ್ಲಿ ನಡೆಯುವುದನ್ನು ನೋಡಬೇಕು.

ಹತ್ತು ಗಂಡಸರು ಕೂಡಿದ್ದಾರೆ. ಹತ್ತಾಗದಿದ್ದರೆ ಗ್ರಂಥ ಹೊರಗೆ ಬರುವುದಿಲ್ಲ. ಎಲ್ಲರೂ ಏಳುತ್ತಾರೆ. ಪೆಟ್ಟಿಗೆಯ ಪರದೆ ಸರಿಯುತ್ತದೆ. ಉರುಟಾದ ಕರಂಡಕದಲ್ಲಿ ನೆಟ್ಟಗೆ ನಿಂತ ತೋರಾ ಸುರುಳಿಯನ್ನು ಎದೆಗೊತ್ತಿಕೊಂಡು ಒಬ್ಬರು ನಡುವಿನ ವೇದಿಕೆಯತ್ತ ಬರುತ್ತಾರೆ. ಪಕ್ಕದಲ್ಲಿ ಹಾಯುವಾಗ ಜನ ತಾವು ಹೊದ್ದ ಶಾಲಿನ ತುದಿಯ ಗೊಂಡೆಯಿಂದ ಅದನ್ನು ಮುಟ್ಟಿ, ಗೊಂಡೆಯನ್ನು ತುಟಿಗೆ ಒತ್ತಿಕೊಳ್ಳುತ್ತಾರೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನೊಂದ ಹೆಂಗಸೊಬ್ಬಳು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಮುಟ್ಟಿದ್ದು ಯೇಸುವಿನ ಉಡುಪಿನ ಇಂಥದೇ ಗೊಂಡೆಯನ್ನು. ಮೋಶೆಯ ಕಟ್ಟಳೆಯಂತೆ ಗೊಂಡೆ ಕಟ್ಟಿಕೊಂಡು ನಡೆದ ಮನುಷ್ಯ ಆತ.

ಇದು ಹೊಸ ವರ್ಷಕ್ಕೆ ಮುಂಚಿನ ಕೊನೆಯ ಸಬ್ಬತ್. ಇಂದಿನ ಪಾಠ ಧರ್ಮೋಪದೇಶಕಾಂಡದ ಕಡೆಯ ಅಧ್ಯಾಯಗಳಿಂದ. ಅದು ಮುಗಿದ ಮೇಲೆ ಪ್ರವಾದಿಯ ಪಾಠ: ಯೆಶಾಯನ 61ನೇ ಅಧ್ಯಾಯದ ಹತ್ತನೇ ವಚನದಿಂದ ಮುಂದಕ್ಕೆ. ನಿಮ್ಮ ಮೈ ಜುಮ್ಮೆನ್ನುತ್ತದೆ. ಲೂಕನ ಸುವಾರ್ತೆಯಲ್ಲಿ ಯೇಸು ಒಂದು ಸಬ್ಬತ್ ದಿನ ನಜರೇತಿನ ಸಭಾಮಂದಿರಕ್ಕೆ ಹೋಗುತ್ತಾನೆ, ಅದು ಆತನ ವಾಡಿಕೆ. ಓದಲು ಎದ್ದು ನಿಲ್ಲುತ್ತಾನೆ, ಕೈಗೆ ಯೆಶಾಯನ ಸುರುಳಿ ಕೊಡುತ್ತಾರೆ. ಆತ ಬಿಚ್ಚಿ ಓದುವುದು ಇದೇ 61ನೇ ಅಧ್ಯಾಯದ ಮೊದಲ ಸಾಲುಗಳನ್ನು, ಬಡವರಿಗೂ ಸೆರೆಯಾಳುಗಳಿಗೂ ಒಳ್ಳೆಯ ಸುದ್ದಿ ಸಾರುವ ಭಾಗವನ್ನು. ಓದಿ, ಸುತ್ತಿ, ಸೇವಕನ ಕೈಗೆ ಕೊಟ್ಟು ಕೂರುತ್ತಾನೆ. ಇಲ್ಲಿ ವೇದಿಕೆಯಿಂದ ಹೀಬ್ರೂ ರಾಗವಾಗಿ ಬರುತ್ತಿದೆ, ಹೊರಗೆ ಕೈಗಾಡಿಯವರ ಬೈಗುಳ. ನಜರೇತಿನ ಬೀದಿಯಲ್ಲೂ ಕತ್ತೆಯವರ ಗದ್ದಲ ಇದ್ದಿರಬೇಕು.

ಪ್ರಾರ್ಥನೆ ಮುಗಿದು ಜನ ಸಡಿಲವಾದಾಗ, ಕರ್ಚೀಫ್ ಕಟ್ಟಿಸಿದ ಹಿರಿಯರು ಒಂದು ಕುರ್ಚಿ ತೋರಿಸುತ್ತಾರೆ. ಅದರಲ್ಲಿ ಯಾರೂ ಕೂರುವುದಿಲ್ಲ. ಅದು ಪ್ರವಾದಿ ಎಲೀಯನದು, ಇವರ ಬಾಯಲ್ಲಿ ಎಲಿಯಾಹು ಹನ್ನಾಬಿ. ಗಂಡುಮಗು ಹುಟ್ಟಿದ ಎಂಟನೇ ದಿನ ಸುನ್ನತಿ. ಆಗ ಎಲೀಯ ಬಂದು ಸಾಕ್ಷಿಯಾಗಿ ಈ ಕುರ್ಚಿಯಲ್ಲಿ ಇರುತ್ತಾನೆಂದು ನಂಬಿಕೆ. ಯೇಸುವಿಗೂ ಎಂಟನೇ ದಿನವೇ ಸುನ್ನತಿ ಮಾಡಿ ಹೆಸರಿಟ್ಟರು. ಆಮೇಲೆ ತಾಯಿತಂದೆ ದೇವಾಲಯಕ್ಕೆ ಹೊತ್ತೊಯ್ದದ್ದು ಜೋಡಿ ಹಕ್ಕಿಗಳ ಕಾಣಿಕೆ. ಕುರಿಮರಿ ಕೊಡಲಾಗದ ಬಡವರಿಗೆ ಶಾಸ್ತ್ರ ಬಿಟ್ಟುಕೊಟ್ಟ ಕಾಣಿಕೆ ಅದು. ಡಿಸೆಂಬರ್ 25ರಿಂದ ಎಣಿಸಿದರೆ ಎಂಟನೇ ದಿನ ಜನವರಿ 1. ಕಥೋಲಿಕ ಪಂಚಾಂಗದಲ್ಲಿ ಶತಮಾನಗಳ ಕಾಲ ಆ ದಿನದ ಹೆಸರೇ ಕ್ರಿಸ್ತನ ಸುನ್ನತಿಯ ಹಬ್ಬ. ಹೊಸ ವರ್ಷದ ನಡುರಾತ್ರಿಯ ಪೂಜೆಗೆ ಚರ್ಚಿಗೆ ಹೋಗುವ ಎಷ್ಟು ಮಂದಿಗೆ ಇದು ಗೊತ್ತೋ.

ಎಲೀಯನ ಮೇಲೆ ಬೆನೆ ಇಸ್ರೇಲರಿಗೆ ವಿಶೇಷ ಪ್ರೀತಿ. ಮದುವೆಗೆ ಮುಂಚೆ, ಹರಕೆ ಕೈಗೂಡಿದಾಗ, ಕಾಯಿಲೆ ವಾಸಿಯಾದಾಗ ಅವರು ಮಲಿದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು. ತಟ್ಟೆಯ ಸುತ್ತ ಕೂತು ಎಲೀಯನ ಹಾಡು ಹೇಳಿ ಹಂಚಿಕೊಳ್ಳುತ್ತಾರೆ. ಅಲಿಬಾಗ್ ಹತ್ತಿರದ ಖಂಡಾಲೆ ಎಂಬಲ್ಲಿ ಬಂಡೆಯ ಮೇಲಿನ ಗೀರುಗಳನ್ನು ಎಲೀಯನ ರಥದ ಗುರುತೆಂದು ಪೂಜ್ಯವಾಗಿ ಕಾಣುತ್ತಾರೆ. ಈ ಕಾತರ ಯೇಸುವಿನ ಕಾಲದ ಜನರಲ್ಲೂ ಇತ್ತು. ಆತ ಊರೂರು ಸುತ್ತುವಾಗ, ಇವನೇ ಎಲೀಯನಿರಬಹುದೆಂದು ಕೆಲವರು ಹೇಳಿದರು. ಶಿಲುಬೆಯ ಮೇಲೆ ಉಸಿರು ನಿಲ್ಲುವ ಹೊತ್ತಿಗೆ ಆತ ಕೀರ್ತನೆಯ ಮೊದಲ ಸಾಲನ್ನು ಕೂಗಿದಾಗ, ಹತ್ತಿರ ನಿಂತವರು ಎಲೀಯನನ್ನು ಕರೆಯುತ್ತಿದ್ದಾನೆಂದುಕೊಂಡರು, ಬರುತ್ತಾನೇನೋ ನೋಡೋಣವೆಂದು ಕಾದರು. ಎಲೀಯನಿಗಾಗಿ ಕುರ್ಚಿ ಮೀಸಲಿಟ್ಟವರ ನಡುವೆ ಕೂತು ನೆನೆದಾಗ ಆ ಗೊಲ್ಗೊಥಾದ ಗಳಿಗೆ ಬೇರೆಯಾಗಿ ಕೇಳಿಸುತ್ತದೆ.

‘ನೀವು ಕರ್ನಾಟಕದವರಾ?’ ಎಂದು ಹಿರಿಯರು ಕೇಳುತ್ತಾರೆ. ‘ಹಾಗಾದರೆ ನಮ್ಮ ದಿವೇಕರ್ ನಿಮಗೆ ಗೊತ್ತಿರಬೇಕು.’ ಈ ಮಂದಿರ ಕಟ್ಟಿಸಿದ ಸಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮುಯೆಲ್ ಎಜೆಕಿಯೆಲ್, ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ನೀನು ಯಾವ ಜಾತಿಯೆಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಆ ಹೆಸರು ಕಂಡಿದ್ದ ಟಿಪ್ಪುವಿನ ತಾಯಿ ಮಗನಿಗೆ ಹೇಳಿ ಜೀವ ಉಳಿಸಿದಳಂತೆ. ಸಮುದಾಯ ಇದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದೆ. ಬಿಡುಗಡೆಯಾಗಿ ಬಂದವನು ಹರಕೆಯಂತೆ ಕಟ್ಟಿಸಿದ ಮಂದಿರಕ್ಕೆ ಕರುಣೆಯ ಬಾಗಿಲೆಂಬ ಹೆಸರು. ಹಿರಿಯರು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತಿನ ಲೋಟ ಕೊಡುತ್ತಾರೆ. ಸಬ್ಬತ್ತಿನ ಪಾನ ಇದು. ಪಸ್ಕದ ರಾತ್ರಿ ಯೇಸು ಎತ್ತಿ ಹರಸಿದ ಬಟ್ಟಲೂ ದ್ರಾಕ್ಷಿಯದೇ.

ಮಧ್ಯಾಹ್ನ ಹಾರ್ಬರ್ ಲೈನಿನಲ್ಲಿ ಬಾಂದ್ರಾ ಗಾಡಿ. ಡಾಕ್‌ಯಾರ್ಡ್ ರೋಡ್, ಶಿವಡಿ, ವಡಾಲಾ. ಕಿಟಕಿಯಾಚೆ ಮಳೆ, ಒಳಗೆ ತೂಗಾಡುವ ಕೈಗಳು. ಬೆನ್ನ ಹಿಂದೆ ದೂರಾಗುವ ಕೋಟೆ ಭಾಗದಲ್ಲಿ, ಟೌನ್ ಹಾಲಿನ ಹಿಂದೆ, ಒಂದು ಕಾಲಕ್ಕೆ ಗಾರ್ಸಿಯಾ ದ ಒರ್ತಾನ ಮನೆಯಿತ್ತು. ಪೋರ್ಚುಗೀಸ್ ವೈದ್ಯ, 1550ರ ದಶಕದಲ್ಲಿ ಬೊಂಬಾಯಿ ದ್ವೀಪವನ್ನೇ ಗುತ್ತಿಗೆ ಹಿಡಿದಿದ್ದವನು. ಭಾರತದ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ, ವರ್ಷಕ್ಕೆ ಎರಡು ಬಾರಿ ಫಲ ಬಿಡುವ ಬೊಂಬಾಯಿಯ ತನ್ನ ಮಾವಿನ ಮರದ ಮಾತೂ ಇದೆ. ಅವನ ತಾಯಿತಂದೆ ಒತ್ತಾಯಕ್ಕೆ ಕ್ರೈಸ್ತರಾದ ಯೆಹೂದ್ಯರು. 1568ರಲ್ಲಿ ಅವನು ತೀರಿಕೊಂಡ. ಗುಟ್ಟಾಗಿ ಯೆಹೂದ್ಯ ಆಚಾರ ನಡೆಸಿದಳೆಂದು ಮರುವರ್ಷ ಗೋವೆಯ ಇಂಕ್ವಿಜಿಷನ್ ಅವನ ತಂಗಿ ಕತಾರಿನಾಳನ್ನು ಸುಟ್ಟಿತು. 1580ರಲ್ಲಿ ಅವನ ಮೂಳೆಗಳನ್ನೂ ಗೋರಿಯಿಂದ ಅಗೆದು ಸುಟ್ಟಿತು. ಸುಟ್ಟವರು ಶಿಲುಬೆ ಹಿಡಿದಿದ್ದರು. ಆ ಶಿಲುಬೆಯ ಮೇಲಿನ ಫಲಕ ತೂಗಿದವನನ್ನು ಯೆಹೂದ್ಯರ ಅರಸನೆಂದು ಕರೆಯುತ್ತಿತ್ತು. ಇದನ್ನು ಬರೆಯುವಾಗ ಕೈ ನಡುಗುತ್ತದೆ. 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಚರ್ಚಿನಿಂದ ಯೆಹೂದ್ಯತನವನ್ನು ತೊಳೆಯಲೆಂದೇ ಒಂದು ಸಂಸ್ಥೆ ತೆರೆದು, ಯೇಸು ಯೆಹೂದ್ಯನೇ ಅಲ್ಲವೆಂದು ಸಾಧಿಸಲು ಹೊರಟರು. ಕ್ರಿಸ್ತನೂ ಆತನ ತಾಯಿಯೂ ಮೊದಲ ಶಿಷ್ಯರೂ ಆ ಜನಾಂಗದವರೇ ಎಂದು ರೋಮಿನ ಮಹಾಸಭೆ 1965ರ ಅಕ್ಟೋಬರ್ 28ರಂದು ಕಾಗದದ ಮೇಲೆ ನೆನಪಿಸಬೇಕಾಯಿತು.

ಬಾಂದ್ರಾದ ಗುಡ್ಡ ಹತ್ತುವ ದಾರಿಯ ಇಕ್ಕೆಲದಲ್ಲೂ ಮೇಣದ ಅಂಗಡಿಗಳು. ಮೇಣದ ಕೈ, ಮೇಣದ ಕಾಲು, ಮೇಣದ ಮನೆ, ಮೇಣದ ಕೂಸು. ಮೌಂಟ್ ಮೇರಿ, ಕೋಳಿ ಮೀನುಗಾರರ ಬಾಯಲ್ಲಿ ಮೋತ್ ಮಾವುಲಿ. ಇಂದು ಮರಿಯಳ ಹುಟ್ಟುಹಬ್ಬ, ಜಾತ್ರೆ ನಾಳೆಯಿಂದ. 1904ರ ಈ ಕಟ್ಟಡದೊಳಗೆ ಕಾಲಿಡಲೂ ಜಾಗವಿಲ್ಲ. ಮೆಟ್ಟಿಲ ಮೇಲಿನ ಸಾಲಿನಲ್ಲಿ ನಿಮ್ಮ ಫೋನಿನ ಕನ್ನಡ ಕೇಳಿ, ಕೈಯಲ್ಲಿ ಹೊಸ ಭತ್ತದ ತೆನೆ ಹಿಡಿದ ಹೆಂಗಸೊಬ್ಬರು ತಿರುಗುತ್ತಾರೆ. ಉಡುಪಿ ಕಡೆಯ ಶಿರ್ವದವರು, ಈಗ ಕಲೀನಾದಲ್ಲಿ ಮಗನ ಮನೆ. ಊರಿನಲ್ಲಿ ಇಂದು ಮೊಂತಿ ಹಬ್ಬ, ಹೊಸ ತೆನೆ ಮನೆ ತುಂಬಿಸುವ ದಿನ.

ಧ್ವನಿವರ್ಧಕದಲ್ಲಿ ಸುವಾರ್ತೆ ಮೊದಲಾಗುತ್ತದೆ. ಈ ಹಬ್ಬಕ್ಕೆ ಗೊತ್ತಾದ ಪಾಠ ಮತ್ತಾಯನ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಅಬ್ರಹಾಮ, ಇಸಾಕ, ಯಾಕೋಬ, ಯೂದ. ದಾವೀದ, ಸೊಲೊಮೋನ. ಹದಿನಾಲ್ಕು ಹದಿನಾಲ್ಕರಂತೆ ಮೂರು ಕಟ್ಟು ತಲೆಮಾರು. ನಡುವೆ ಸುಮ್ಮನೆ ದಾಟಲಾಗದ ಹೆಂಗಸರು: ತಾಮಾರಳು, ರಾಹಾಬಳು, ಹೊರನಾಡಿನ ಮೋವಾಬಿನಿಂದ ಸೊಸೆಯಾಗಿ ಬಂದ ರೂತಳು, ಊರೀಯನ ಹೆಂಡತಿ.

‘ಉದ್ದ ಅಲ್ವಾ? ಪಾದ್ರಿಗಳು ಬೇಗ ಬೇಗ ಓದಿ ಮುಗಿಸ್ತಾರೆ’ ಎನ್ನುತ್ತಾರೆ ಅವರು.

‘ಬೆಳಿಗ್ಗೆ ಈ ಹೆಸರಿನವರ ಜೊತೆಗೇ ಕೂತು ಬಂದೆ ಬಾಯಮ್ಮ’ ಎಂದು ಮಸ್ಜಿದ್ ಬಂದರಿನ ಕಥೆ ಹೇಳುತ್ತೀರಿ.

ಅವರು ತೆನೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ. ‘ಅಗ್ರಿಪಾಡಾದಲ್ಲಿ ನಾವಿದ್ದಾಗ ಪಕ್ಕದ ಮನೆಯವರು ಇಸ್ರೇಲಿ ಜನ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಒಲೆ ಮುಟ್ಟುತ್ತಿರಲಿಲ್ಲ. ಕೋಳಿಗೆ ತೆಂಗಿನಹಾಲೇ ಹಾಕೋದು, ಮಾಂಸಕ್ಕೆ ಮೊಸರು ಸೇರಿಸೋದಿಲ್ಲ. ನಾನು ಸಿಗಡಿ ಗಸಿ ಮಾಡಿದ ದಿನ ಆ ಅಕ್ಕ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಪೊರೆ ಇಲ್ಲದ ಮೀನು ಅವರಿಗೆ ಆಗೋದಿಲ್ಲ. ಆಮೇಲೆ ಮನೆ ಮಾರಿ ಇಸ್ರೇಲಿಗೆ ಹೋದರು.’

‘ಆ ಕಟ್ಟಳೆ ಮೋಶೆಯ ಕಾಲದ್ದು. ಯೇಸುವಿನ ಮನೆಯಲ್ಲೂ ಅದೇ ನಡೆಯುತ್ತಿದ್ದದ್ದು.’

ಸಾಲು ಎರಡು ಮೆಟ್ಟಿಲು ಮುಂದೆ ಸರಿಯುತ್ತದೆ. ಬಾಯಮ್ಮ ಒಳಗಿನ ಪ್ರತಿಮೆಯತ್ತ ಕತ್ತು ಚಾಚುತ್ತಾರೆ. ‘ಅಂದರೆ ನಮ್ಮ ಮರಿಯಮ್ಮನೂ ಸಿಗಡಿ ಮುಟ್ಟಿದವಳಲ್ಲ’ ಎಂದು ಹೇಳಿ, ಮೇಣದ ಅಂಗಡಿಯ ಹುಡುಗನ ಹತ್ತಿರ ಬಾಕಿ ಚಿಲ್ಲರೆ ಕೇಳುತ್ತಾರೆ.